10,300 ಡಾಲರ್ ಬಡ್ಡಿ ಮತ್ತು ಕಾಣೆಯಾದ ಬಹುಮಾನ

ಒಂದು ಸುಲಭದ ಲೆಕ್ಕ. ಬ್ಯಾಂಕಿನಲ್ಲಿ ನೀವು 10,000 ಡಾಲರ್ ಠೇವಣಿ ಇಟ್ಟಿದ್ದೀರಿ. ವರ್ಷಕ್ಕೆ ಶೇ. 3ರಂತೆ ಬಡ್ಡಿ. ಮೊದಲ ವರ್ಷದ ಕೊನೆಗೆ ಬರುವ ಬಡ್ಡಿ ಎಷ್ಟು? 300 ಡಾಲರ್ ಎಂದು ಏಳನೆಯ ತರಗತಿಯ ಹುಡುಗಿ ಬಾಯಿಲೆಕ್ಕದಲ್ಲೇ ಹೇಳುತ್ತಾಳೆ. ಆದರೆ ಅಮೆರಿಕದ ಹೆಸರಾಂತ ತಂತ್ರಜ್ಞಾನ ಜಾಲತಾಣ ಸಿನೆಟ್, ನೀವು 10,300 ಡಾಲರ್ ಗಳಿಸುವಿರಿ ಎಂದು ತನ್ನ ಓದುಗರಿಗೆ ತಿಳಿಸಿತ್ತು! ಅಸಲನ್ನೂ ಗಳಿಕೆಯೊಳಗೆ ಸೇರಿಸಿಬಿಟ್ಟ ಈ ಲೇಖನವನ್ನು ಸಿದ್ಧಪಡಿಸಿದ್ದು ಕೃತಕ ಬುದ್ಧಿಮತ್ತೆಯ ತಂತ್ರಾಂಶ.

2022ರ ನವೆಂಬರ್‌ನಿಂದ ಆರಂಭಿಸಿ ಹಣಕಾಸಿನ ವಿಷಯದಲ್ಲಿ ಇಂಥ 77 ಲೇಖನಗಳು ಅಲ್ಲಿ ಪ್ರಕಟವಾದವು. ಲೇಖಕರ ಹೆಸರಿನ ಜಾಗದಲ್ಲಿ ‘ಸಿನೆಟ್ ಮನಿ ಸ್ಟಾಫ್’ ಎಂದಿತ್ತು. ಯಾರೋ ಸಿಬ್ಬಂದಿ ಕುಳಿತು ಬರೆದಿದ್ದಾರೆಂದೇ ಓದುಗರು ತಿಳಿಯುವುದು ಸಹಜ. ಆ ಹೆಸರಿನ ಮೇಲೆ ಮೌಸನ್ನು ಒಯ್ದರೆ ಮಾತ್ರ ‘ಸ್ವಯಂಚಾಲಿತ ತಂತ್ರಜ್ಞಾನದಿಂದ ಸಿದ್ಧಪಡಿಸಿದ್ದು’ ಎಂಬ ಸೂಚನೆ ಕಾಣಿಸುತ್ತಿತ್ತು. ಸಂಪಾದಕರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ ಎಂಬ ಭರವಸೆಯೂ ಅದರ ಜೊತೆಗಿತ್ತು. ಇದನ್ನು 2023ರ ಜನವರಿಯಲ್ಲಿ ಬಯಲಿಗೆಳೆದದ್ದು ಫ್ಯೂಚರಿಸಂ ಎಂಬ ಇನ್ನೊಂದು ಜಾಲತಾಣ.

ಅದೇ ಲೇಖನದ ಇನ್ನೊಂದು ತಪ್ಪು ಇನ್ನೂ ಅಪಾಯಕಾರಿ. ಕಾರು ಕೊಳ್ಳಲು ಶೇ. 4ರ ಬಡ್ಡಿಯಲ್ಲಿ 25,000 ಡಾಲರ್ ಸಾಲ ಪಡೆದರೆ ವರ್ಷಕ್ಕೆ 1,000 ಡಾಲರ್ ಬಡ್ಡಿ ಕಟ್ಟಬೇಕೆಂದು ಅಲ್ಲಿ ಹೇಳಲಾಗಿತ್ತು. ಕಂತು ಕಟ್ಟಿದಂತೆ ಅಸಲು ಕರಗುತ್ತದೆ, ಬಡ್ಡಿಯೂ ಇಳಿಯುತ್ತದೆ. 5 ವರ್ಷಗಳ ಮಾಸಿಕ ಕಂತು ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ. ಕಂತು ಸುಮಾರು 460 ಡಾಲರ್, ಒಟ್ಟು ಬಡ್ಡಿ ಸುಮಾರು 2,625 ಡಾಲರ್. ಸಿನೆಟ್ ಲೆಕ್ಕದಲ್ಲಿ ಅದು 5,000! ಮೊದಲ ತಪ್ಪನ್ನು ಓದಿ ನಕ್ಕು ಮುಂದೆ ಹೋಗಬಹುದು. ಎರಡನೆಯದು ನಂಬುವಂತೆಯೇ ಇದೆ.

ಒಟ್ಟು 77ರಲ್ಲಿ 41 ಲೇಖನಗಳನ್ನು ತಿದ್ದಬೇಕಾಯಿತು. ಕೆಲವು ವಾಕ್ಯಗಳು ಪೂರ್ತಿ ಸ್ವಂತದ್ದಲ್ಲವೆಂದೂ ಸಂಪಾದಕಿಯೇ ಒಪ್ಪಿಕೊಂಡರು. ಸಂಖ್ಯೆಯನ್ನು ಬಹಿರಂಗವಾಗಿ ಹೇಳಿದ್ದು ಮೆಚ್ಚತಕ್ಕದ್ದೇ. ಆದರೆ ಹೊರಗಿನವರು ಕೇಳುವ ಮೊದಲು ಆ ‘ಕೂಲಂಕಷ ಪರಿಶೀಲನೆ’ ಎಲ್ಲಿತ್ತು? ಪ್ರಯೋಗವನ್ನೇ ಮಾಡದೆ ದಿನಚರಿಯಲ್ಲಿ ಅಂಕಿ ತುಂಬಿಸುವ ವಿದ್ಯಾರ್ಥಿಯನ್ನು ನಾವು ಏನೆನ್ನುತ್ತೇವೆ? ಲೆಕ್ಕ ತಪ್ಪಿದ ವಿದ್ಯಾರ್ಥಿಯ ಮಾತೇ ಬೇರೆ.

ಇಂಥ ಲೇಖನಗಳ ಅಗತ್ಯವಾದರೂ ಏನಿತ್ತು? ಸಿನೆಟ್ 2020ರಲ್ಲಿ ರೆಡ್ ವೆಂಚರ್ಸ್ ಕಂಪನಿಯ ಪಾಲಾಗಿತ್ತು. ಓದುಗರನ್ನು ಕ್ರೆಡಿಟ್ ಕಾರ್ಡ್, ಸಾಲ ಮುಂತಾದವನ್ನು ಮಾರುವವರ ಬಳಿಗೆ ಕಳಿಸಿ ಕಮಿಷನ್ ಪಡೆಯುವುದು ಆ ಕಂಪನಿಯ ಮುಖ್ಯ ಆದಾಯಗಳಲ್ಲೊಂದು. ‘ಚಕ್ರಬಡ್ಡಿ ಎಂದರೇನು?’ ಎಂದು ಅಂತರಜಾಲದಲ್ಲಿ ಹುಡುಕುವವರು ತನ್ನ ಪುಟಕ್ಕೇ ಬಂದರೆ ಅದಕ್ಕೆ ಲಾಭ. ಕಮಿಷನ್ ಪಡೆಯುವುದು ಅಪರಾಧವಲ್ಲ. ತಕ್ಕಡಿ ಹಿಡಿದವನೇ ಅಂಗಡಿಯ ಪಾಲುದಾರನೂ ಆಗಿದ್ದರೆ ಗಿರಾಕಿಗೆ ಅದು ಮೊದಲೇ ಗೊತ್ತಿರಬೇಕು, ಅಷ್ಟೆ.

ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟುವ ಮುನ್ನ ಹತ್ತು ವರ್ಷ ಹಿಂದಕ್ಕೆ ಹೋಗೋಣ. 2013ರ ಜನವರಿ, ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಪ್ರದರ್ಶನ. ಅಲ್ಲಿನ ಅತ್ಯುತ್ತಮ ಸಾಧನವನ್ನು ಆರಿಸುವ ಹೊಣೆ ಸಿನೆಟ್‌ನದು. ಸಿಬ್ಬಂದಿ ಆರಿಸಿದ್ದು ಡಿಶ್ ನೆಟ್‌ವರ್ಕ್ ಕಂಪನಿಯ ‘ಹಾಪರ್’ ಎಂಬ ಟಿವಿ ಕಾರ್ಯಕ್ರಮಗಳ ಧ್ವನಿಚಿತ್ರ ಮುದ್ರಕವನ್ನು. ಮುದ್ರಿಸಿಕೊಂಡ ಕಾರ್ಯಕ್ರಮದಲ್ಲಿ ಜಾಹೀರಾತುಗಳನ್ನು ತಾನಾಗಿಯೇ ಹಾರಿಸಿಬಿಡುವ ಸೌಲಭ್ಯ ಹಾಪರ್‌ನಲ್ಲಿತ್ತು. ಇದರ ವಿರುದ್ಧ ಸಿಬಿಎಸ್ ಟೆಲಿವಿಷನ್ ಸಂಸ್ಥೆ ನ್ಯಾಯಾಲಯಕ್ಕೆ ಹೋಗಿತ್ತು. ಆಗ ಸಿನೆಟ್‌ನ ಒಡೆಯರೂ ಇದೇ ಸಿಬಿಎಸ್! ಮೇಲಿನಿಂದ ಆದೇಶ ಬಂತು, ಮತ್ತೆ ಮತದಾನ ನಡೆಯಿತು, ಬಹುಮಾನ ಬೇರೆ ಸಾಧನಕ್ಕೆ ಹೋಯಿತು.

ಮಾತೃಸಂಸ್ಥೆಯ ವ್ಯಾಜ್ಯದ ಕಾರಣ ಹಾಪರನ್ನು ಪರಿಗಣನೆಯಿಂದ ಕೈಬಿಡಲಾಗಿದೆ ಎಂಬ ಟಿಪ್ಪಣಿಯನ್ನು ಸಿನೆಟ್ ಪ್ರಕಟಿಸಿತು. ಇದನ್ನು ಓದಿದವರಿಗೆ ಎಲ್ಲವನ್ನೂ ಹೇಳಿದ್ದಾರೆ ಎನಿಸುತ್ತದೆ. ಹೇಳದೇ ಬಿಟ್ಟದ್ದು ಒಂದೇ ಸಂಗತಿ: ಹಾಪರ್ ಆಗಲೇ ಗೆದ್ದಿತ್ತು. ನನ್ನ ದೃಷ್ಟಿಯಲ್ಲಿ ಈ ಅರ್ಧಸತ್ಯ 10,300 ಡಾಲರಿನ ತಪ್ಪಿಗಿಂತ ದೊಡ್ಡದು. ಬಡ್ಡಿಯ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಪರೀಕ್ಷಿಸಬಹುದು. ಮುಚ್ಚಿದ ಕೋಣೆಯ ಮತದಾನವನ್ನು ಓದುಗರು ಹೇಗೆ ಪರೀಕ್ಷಿಸಬೇಕು?

ಸತ್ಯ ಹೊರಬಂದ ದಿನವೇ ಹಿರಿಯ ವರದಿಗಾರ ಗ್ರೆಗ್ ಸ್ಯಾಂಡೋವಲ್ ರಾಜೀನಾಮೆ ಕೊಟ್ಟರು. ಆದೇಶ ಕೊಟ್ಟವರು ಓದುಗರಿಗೆ ಉತ್ತರ ಹೇಳಬೇಕಾದ ಯಾವ ವ್ಯವಸ್ಥೆಯೂ ಅಲ್ಲಿರಲಿಲ್ಲ. ಜನವರಿ ಮುಗಿಯುವುದರೊಳಗೆ ಪ್ರದರ್ಶನದ ಸಂಘಟಕರು ಹಾಪರನ್ನೂ ಜಂಟಿ ವಿಜೇತನೆಂದು ಘೋಷಿಸಿ, ಬಹುಮಾನದ ಹೊಣೆಯನ್ನು ಸಿನೆಟ್‌ನಿಂದ ಕಿತ್ತುಕೊಂಡರು. ಶಿಕ್ಷೆಯೇನೋ ಆಯಿತು. ಆದರೆ ಅದನ್ನು ವಿಧಿಸಿದ್ದು ವ್ಯಾಪಾರದ ಜೊತೆಗಾರರೇ ಹೊರತು ಪತ್ರಿಕೋದ್ಯಮದ ಯಾವ ಸಂಹಿತೆಯೂ ಅಲ್ಲ.

2023ರ ಮೇ ತಿಂಗಳಲ್ಲಿ ಸಿನೆಟ್‌ನ ಪತ್ರಕರ್ತರು ತಮ್ಮದೇ ಸಂಘ ಕಟ್ಟಲು ಹೊರಟರು. ಅವರ ಬೇಡಿಕೆಗಳಲ್ಲಿ ಸಂಪಾದಕೀಯ ಸ್ವಾತಂತ್ರ್ಯ ಮತ್ತು ಕೃತಕ ಬುದ್ಧಿಮತ್ತೆಯ ಬಳಕೆಯಲ್ಲಿ ತಮ್ಮ ಮಾತಿಗೂ ಬೆಲೆ ಇರಬೇಕು ಎಂಬುದು ಸೇರಿತ್ತು. 2024ರಲ್ಲಿ ಸಿನೆಟ್ ಮತ್ತೆ ಮಾರಾಟವಾಗಿ ಝಿಫ್ ಡೇವಿಸ್ ಕಂಪನಿಯ ಪಾಲಾಯಿತು. ಅಷ್ಟರಲ್ಲಿ ವಿಕಿಪೀಡಿಯಾದ ಸಂಪಾದಕರು ಅದರ ಬರಹಗಳನ್ನು ಔಷಧದ ಶೀಶೆಗಳಂತೆ ದಿನಾಂಕ ನೋಡಿ ವಿಂಗಡಿಸಿದ್ದರು: 2020ರ ಅಕ್ಟೋಬರ್‌ಗೆ ಮೊದಲಿನವು ಸಾಮಾನ್ಯವಾಗಿ ನಂಬಲರ್ಹ, 2022ರ ನವೆಂಬರ್‌ನಿಂದ ಈಚೆಯವು ಅಲ್ಲ.