ಟಿಕ್ಕಿನ ಮಾತು, ಸಾಲಿನ ಬಣ್ಣ

ಯಶವಂತಪುರದ ಈರುಳ್ಳಿ ಮಂಡಿಯೊಂದಕ್ಕೆ, ಲಾರಿಗೆ ಏರಿದ ಲಾಟುಗಳನ್ನು ಗುರುತಿಸಿಕೊಳ್ಳಲೆಂದು, ಆರ್.ಟಿ. ನಗರದ ಮನೆಯಲ್ಲಿ ಕುಳಿತು ನಾನೊಂದು ಪುಟವನ್ನು ರಚಿಸಿಕೊಟ್ಟಿದ್ದೆ. ಚೆಕ್‌ಬಾಕ್ಸಿಗೆ ಟಿಕ್ ಹಾಕಿದೊಡನೆ ಅದಿರುವ ಸಾಲೆಲ್ಲ ಹಸಿರಾಗಬೇಕು, ತೆಗೆದೊಡನೆ ಬಿಳುಪಾಗಬೇಕು. ಇಷ್ಟೇ ಅದರ ಧರ್ಮ. ಒಂದು ವಾರ ಸುಖವಾಗಿ ನಡೆದ ಮೇಲೆ ಗುಮಾಸ್ತರ ಫೋನು ಬಂದಿತು: “ಏನ್ ಸಾರ್ ಇದು, ಟಿಕ್ ತೆಗೆದ್ರೆ ಹಸಿರಾಗ್ತದೆ, ಹಾಕಿದ್ರೆ ಬೆಳ್ಳಗಾಗ್ತದೆ?”

ಈ ವೈಪರೀತ್ಯದ ಮೂಲವು ನನ್ನೊಬ್ಬನ ಅಜಾಗರೂಕತೆಯಲ್ಲಿ ಮಾತ್ರವಲ್ಲದೆ, ಬಹುಕಾಲದಿಂದ ರೂಢವಾಗಿರುವ ಒಂದು ಪದ್ಧತಿಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಸಿಎಸ್‌ಎಸ್‌ನ ನಿಯಮಗಳು ನೀರಿನಂತೆ ಮೇಲಿನಿಂದ ಕೆಳಕ್ಕೆ ಹರಿಯತಕ್ಕವು. ತಂದೆಯ ಸ್ಥಿತಿಯನ್ನು ನೋಡಿ ಮಗುವಿಗೆ ಬಣ್ಣ ತೊಡಿಸಬಹುದಾಗಿತ್ತೇ ಹೊರತು, ಮಗುವಿನ ಸ್ಥಿತಿಯನ್ನು ನೋಡಿ ತಂದೆಯನ್ನು ಅಲಂಕರಿಸುವ ಉಪಾಯ ಅದರಲ್ಲಿರಲಿಲ್ಲ. ಆದುದರಿಂದ ಜಾವಾಸ್ಕ್ರಿಪ್ಟನ್ನು ಮಧ್ಯಸ್ಥನನ್ನಾಗಿ ಕರೆಯಬೇಕಾಯಿತು. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿಯನ್ನು ಹೊರತಂದ ಮೇಲಂತೂ, ಕ್ಲಿಕ್ ಆದೊಡನೆ ಪೇರೆಂಟಿನ ಕ್ಲಾಸನ್ನು ಟಾಗಲ್ ಮಾಡುವ ಒಂದೇ ಸಾಲಿನ ಮಂತ್ರವು ನಮ್ಮ ಹೆಬ್ಬಾಳ, ನಾಗವಾರಗಳ ಕಚೇರಿಗಳಲ್ಲಿ ಹೊಸಬರ ಮೊದಲ ಪಾಠದಂತಾಗಿ ಹೋಯಿತು. ಅದರ ಲಾಘವವನ್ನು ನಾನು ಅಲ್ಲಗಳೆಯಲಾರೆ.

ಆದರೆ ಟಾಗಲ್ ಎಂಬುದು ಕುರುಡು ಕ್ರಿಯೆ. ಅದು ಟಿಕ್ ಇದೆಯೆ ಎಂದು ಕೇಳುವುದಿಲ್ಲ. ಕ್ಲಾಸ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಹಾಕುತ್ತದೆ. ಗುಮಾಸ್ತರು ಪುಟವನ್ನು ರಿಫ್ರೆಶ್ ಮಾಡಿದ್ದರು. ಅವರ ಫೈರ್‌ಫಾಕ್ಸ್ ಹಳೆಯ ಟಿಕ್ಕುಗಳನ್ನು ನೆನಪಿಟ್ಟುಕೊಂಡು ಮರಳಿ ಮೂಡಿಸಿತು, ಕ್ಲಾಸುಗಳು ಮಾತ್ರ ಅಳಿಸಿಹೋದುವು. ಅಲ್ಲಿಂದ ಮುಂದೆ ಆ ಸಾಲುಗಳ ಪ್ರತಿಯೊಂದು ಕ್ಲಿಕ್ಕೂ ತಿರುಗುಮುರುಗಾಯಿತು. ಕಿರ್ದಿಯಲ್ಲೊಂದು, ಖಾತೆಯಲ್ಲೊಂದು ಬರೆದ ಲೆಕ್ಕದಂತೆ, ಒಂದೇ ಸಂಗತಿಯನ್ನು ಎರಡು ಕಡೆ ಕಾದಿಟ್ಟುದರ ಫಲವಿದು. ‘ಎಲ್ಲವನ್ನೂ ಆರಿಸು’ ಎಂಬ ಗುಂಡಿಯ ಕಥೆಯೂ ಇದೇ: ಸ್ಕ್ರಿಪ್ಟು ತಾನಾಗಿ ಟಿಕ್ ಹಾಕಿದಾಗ ‘ಚೇಂಜ್’ ಎಂಬ ಸುದ್ದಿಯೇ ಹೊರಡುವುದಿಲ್ಲವಾದ್ದರಿಂದ ಸಾಲುಗಳು ಬಿಳಿಯಾಗಿಯೇ ಉಳಿಯುತ್ತವೆ. ಇನ್ನು ‘ಪೇರೆಂಟ್’ ಎಂದು ನೆಚ್ಚಿ ಕುಳಿತವನ ಪಾಡು! ಯಾರೋ ಚೆಕ್‌ಬಾಕ್ಸಿನ ಸುತ್ತ ಒಂದು ಲೇಬಲ್ ಸುತ್ತಿದರೆಂದರೆ ಹಸಿರು ಆ ಲೇಬಲ್ಲಿಗೇ ಅಂಟಿಕೊಳ್ಳುತ್ತದೆ. ಬೇಕಾದ ಪೂರ್ವಜನನ್ನು ಹೆಸರು ಹಿಡಿದು ಹುಡುಕುವ ‘ಕ್ಲೋಸೆಸ್ಟ್’ ಇದಕ್ಕಿಂತ ಎಷ್ಟೋ ಮೇಲು.

ಈಗ ಸಿಎಸ್‌ಎಸ್‌ಗೇ, ಮಗುವನ್ನು ನೋಡಿ ತಂದೆಗೆ ಬಣ್ಣ ತೊಡಿಸುವ ‘ಹ್ಯಾಸ್’ ಬಂದಿದೆ. ಒಂದು ಸಣ್ಣ ಬದಲಾವಣೆಗೂ ಮೇಲಿನವರನ್ನೆಲ್ಲ ಮತ್ತೆ ಪರೀಕ್ಷಿಸಬೇಕಾದೀತು, ಪುಟ ನಿಧಾನವಾದೀತು ಎಂಬ ಭೀತಿಯಿಂದ ಬ್ರೌಸರಿನವರು ಬಹುಕಾಲ ಹಿಂಜರಿದಿದ್ದರು. ಸಫಾರಿ 2022ರ ಮಾರ್ಚಿನಲ್ಲಿ, ಕ್ರೋಮ್ ಅದೇ ವರ್ಷದ ಆಗಸ್ಟಿನಲ್ಲಿ, ಫೈರ್‌ಫಾಕ್ಸ್ 2023ರ ಡಿಸೆಂಬರಿನಲ್ಲಿ ಅದನ್ನು ಅಂಗೀಕರಿಸಿದುವು. ‘ಒಳಗೆ ಟಿಕ್ ಆಗಿರುವ ಚೆಕ್‌ಬಾಕ್ಸ್ ಉಳ್ಳ ಸಾಲು’ ಎಂದು ನೇರವಾಗಿ ಹೇಳಿಬಿಟ್ಟರೆ ಸಾಕು. ಎರಡನೆಯ ಲೆಕ್ಕದ ಪುಸ್ತಕವೇ ಬೇಡ. ಬರಿಯ ಬಣ್ಣಕ್ಕಾಗಿಯಾದರೆ ಇನ್ನು ಮುಂದೆ ಸ್ಕ್ರಿಪ್ಟನ್ನು ಕರೆಯುವುದು ಅನುಚಿತವೆಂದೇ ಹೇಳುತ್ತೇನೆ. ಟಿಕ್ ಆದ ಮೂಟೆಗಳ ತೂಕವನ್ನು ಕೂಡುವುದಕ್ಕೆ, ಸರ್ವರಿಗೆ ತಿಳಿಸುವುದಕ್ಕೆ ಅದು ಬೇಕು. ಅದು ಬೇರೆ ಮಾತು.

ಮಂಡಿಯ ಕಂಪ್ಯೂಟರಿನಲ್ಲಿದ್ದುದು ಹಳೆಯ ಫೈರ್‌ಫಾಕ್ಸ್ ಆದುದರಿಂದ ನನಗೆ ಆ ಸುಖ ಲಭಿಸಲಿಲ್ಲ. ಟಾಗಲ್‌ಗೆ ಎರಡನೆಯ ಮಾತಾಗಿ ಚೆಕ್‌ಬಾಕ್ಸಿನ ನಿಜಸ್ಥಿತಿಯನ್ನೇ ಕೊಟ್ಟು, ಪುಟ ತೆರೆದುಕೊಂಡಾಗಲೂ ಒಮ್ಮೆ ಎಲ್ಲ ಸಾಲುಗಳನ್ನು ತಾಳೆ ನೋಡುವಂತೆ ಮಾಡಿದೆ. ಗುಮಾಸ್ತರ ದೂರು ಈಗ ಬೇರೆ: ಬಾಗಿಲ ಬಿಸಿಲಿಗೆ ಆ ಹಸಿರು ಕಾಣುವುದೇ ಇಲ್ಲವಂತೆ.