ಬಿಂದು ಮತ್ತು ಚುಕ್ಕಿ: ರಝಾ ಚಿತ್ರಕಲೆಯ ಜಾನಪದ ನೆಲೆ

ಆಧುನಿಕ ಭಾರತೀಯ ಅಮೂರ್ತ ಚಿತ್ರಕಲೆಯನ್ನು ಕುರಿತ ಬರಹಗಳಲ್ಲಿ ಸೈಯದ್ ಹೈದರ್ ರಝಾ (1922–2016) ಅವರ ಹೆಸರಿನೊಡನೆ ಒಂದು ಕಥೆ ತಪ್ಪದೆ ಬರುತ್ತದೆ. ಮಧ್ಯಪ್ರದೇಶದ ಮಂಡ್ಲಾ ಸೀಮೆಯ ಪ್ರಾಥಮಿಕ ಶಾಲೆಯಲ್ಲಿ ಓದಿನ ಕಡೆ ಗಮನವಿಲ್ಲದೆ ಅಲೆಯುತ್ತಿದ್ದ ಹುಡುಗನಿಗೆ ಉಪಾಧ್ಯಾಯರು ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು, ಅದನ್ನೇ ನೋಡುತ್ತ ಕುಳಿತಿರಲು ಹೇಳಿದರು. ಆ ಚುಕ್ಕೆಯೇ ಮುಂದೆ ರಝಾ ಅವರ ‘ಬಿಂದು’ವಾಯಿತು ಎಂಬುದು ಆ ಕಥೆ. ಕಲಾವಿದರೇ ಇದನ್ನು ಅನೇಕ ಬಾರಿ ಹೇಳಿದ್ದಾರೆ. ಆದುದರಿಂದ ಘಟನೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಮೂಲವನ್ನು ಹೇಳುವ ಕಥೆಗಳು ಸಾಮಾನ್ಯವಾಗಿ ಹಿಂದಕ್ಕೆ ನಡೆಯುತ್ತವೆ ಎಂಬುದು ಜಾನಪದ ಅಧ್ಯಯನಕ್ಕೆ ಪರಿಚಿತವಾದ ಸಂಗತಿ. ಊರು ನೆಲೆಗೊಂಡ ಮೇಲೆ ಊರಿನ ಹೆಸರಿನ ಐತಿಹ್ಯ ಹುಟ್ಟುವಂತೆ, ಕೃತಿ ಸಿದ್ಧಿಸಿದ ಮೇಲೆ ಅದರ ಬಾಲ್ಯ ನೆನಪಾಗುತ್ತದೆ. ಶಾಲೆಯ ಚುಕ್ಕೆಗೂ 1980ರ ಸುಮಾರಿಗೆ ಕ್ಯಾನ್ವಾಸಿನ ಮೇಲೆ ನೆಲೆಗೊಂಡ ಬಿಂದುವಿಗೂ ನಡುವೆ ಅರ್ಧ ಶತಮಾನದ ಅಂತರವಿದೆ. ಐತಿಹ್ಯ ಆ ಅಂತರವನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ, ವಿಮರ್ಶೆ ದಾಟಬಾರದು.

ಆ ಅಂತರದಲ್ಲಿ ನಡೆದುದು ಸಾಮಾನ್ಯವಾದುದಲ್ಲ. ನಾಗಪುರದ ಕಲಾಶಾಲೆಯಲ್ಲಿ, ಅನಂತರ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅಭ್ಯಾಸ, 1947ರಲ್ಲಿ ಸೋಜಾ, ಹುಸೇನ್, ಆರಾ ಮೊದಲಾದವರೊಡನೆ ಪ್ರಗತಿಶೀಲ ಕಲಾವಿದರ ಗುಂಪಿನ ಸ್ಥಾಪನೆ. ದೇಶವಿಭಜನೆಯಾದಾಗ ಒಡಹುಟ್ಟಿದವರಲ್ಲಿ ಬಹುತೇಕರು ಪಾಕಿಸ್ತಾನಕ್ಕೆ ತೆರಳಿದರೂ ಅವರು ಇಲ್ಲಿಯೇ ಉಳಿದರು. 1948ರಲ್ಲಿ ಕಾಶ್ಮೀರದಲ್ಲಿ ಭೇಟಿಯಾದ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ-ಬ್ರೆಸ್ಸಾನ್, ಅವರ ಚಿತ್ರಗಳಲ್ಲಿ ರಚನೆಯ ಗಟ್ಟಿತನ ಸಾಲದೆಂದು ಹೇಳಿ ಸೆಜಾನ್‌ನನ್ನು ಅಭ್ಯಾಸ ಮಾಡಲು ಸೂಚಿಸಿದರು. 1950ರಲ್ಲಿ ಫ್ರಾನ್ಸಿನ ವಿದ್ಯಾರ್ಥಿವೇತನ ಪಡೆದು ಪ್ಯಾರಿಸ್ಸಿಗೆ ಹೋದ ರಝಾ ಅಲ್ಲಿಯೇ ನೆಲಸಿದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿ ಪಡೆದ ಮೊದಲ ವಿದೇಶೀಯರಾದರು. ಆ ಕಾಲದ ಕೃತಿಗಳು ಹಳ್ಳಿಯ ಮನೆಗಳು, ಚರ್ಚುಗಳು, ಮರಗಳನ್ನು ಕುರಿತವು. 1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬೋಧಿಸಲು ಹೋದಾಗ ರಾತ್ಕೊ ಮೊದಲಾದವರ ಕೃತಿಗಳ ಪರಿಚಯವಾಯಿತು. ಮುಂದೆ ತೈಲವರ್ಣದ ಸ್ಥಾನಕ್ಕೆ ಬೇಗ ಒಣಗುವ ಅಕ್ರಿಲಿಕ್ ಬಂದಿತು, ಮನೆಗಳ ಅಂಚುಗಳು ಕರಗಿದವು, ಬಣ್ಣವೇ ನೆಲವಾಯಿತು.

ಬಿಂದುವಿನ ವಂಶಾವಳಿಯನ್ನು ಚಿತ್ರಗಳೊಳಗೇ ಹುಡುಕುವುದಾದರೆ, 1950ರ ದಶಕದ ಆರಂಭದಲ್ಲಿ ಫ್ರೆಂಚ್ ಊರುಗಳ ಮೇಲೆ ಅವರು ಬರೆದ ಕಪ್ಪು ಸೂರ್ಯನಿಂದ ಹೊರಡುವುದು ಹೆಚ್ಚು ಸಮಂಜಸ. ಅಲ್ಲಿ ಅದು ಆಕಾಶದಲ್ಲಿರುವ ಒಂದು ವಸ್ತು. ಮೂವತ್ತು ವರ್ಷಗಳ ನಂತರ ಆಕಾಶ ಹೋಗಿ ವಸ್ತು ಮಾತ್ರ ಉಳಿಯಿತು. ‘ಮಾ’ (1981) ಎಂಬ ಕೃತಿಯಲ್ಲಿ ಕಪ್ಪು ಬಿಂದುವಿನೊಡನೆ ಅಶೋಕ್ ವಾಜಪೇಯಿ ಅವರ ಹಿಂದಿ ಕವಿತೆಯ ಸಾಲೊಂದು ದೇವನಾಗರಿಯಲ್ಲಿ ಬರೆಯಲ್ಪಟ್ಟಿದೆ. ಇದು ದೂರದಲ್ಲಿದ್ದು ತಾಯ್ನೆಲವನ್ನು ನೆನೆಯುವವನ ಚಿತ್ರ. ಯಾವ ತಂತ್ರಶಾಸ್ತ್ರದ ಅರಿವೂ ಇಲ್ಲದ ನೋಡುಗನನ್ನು ಸಹ ಅದು ತಟ್ಟುತ್ತದೆ. ‘ಸೌರಾಷ್ಟ್ರ’ (1983) ಎಂಬ ದೊಡ್ಡ ಕೃತಿಯಲ್ಲಿಯೂ ಬಿಂದು ಚಿತ್ರವನ್ನು ಆಳುವುದಿಲ್ಲ. ಬದಿಯ ಚೌಕವೊಂದರಲ್ಲಿ ನಿಂತು, ಉಳಿದೆಡೆ ಕೆಂಪು, ಕಂದು, ಹಳದಿಗಳ ಕಲಕಿದ ಬಣ್ಣಕ್ಕೆ ಎದುರಾಗುತ್ತದೆ. ರಝಾ ಅವರ ಶ್ರೇಷ್ಠ ಕಾಲವಿದು ಎನ್ನಲು ಅಡ್ಡಿಯಿಲ್ಲ.

ಈ ಬಿಂದುವನ್ನು ಚುಕ್ಕಿ ರಂಗೋಲಿಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕರ್ನಾಟಕದ ಹೆಣ್ಣುಮಕ್ಕಳು ರಂಗೋಲಿಯನ್ನು ಗುರುತಿಸುವುದೇ ಚುಕ್ಕಿಯ ಲೆಕ್ಕದಿಂದ: 15 ಚುಕ್ಕಿ, 8ರವರೆಗೆ. ಮೊದಲು ಚುಕ್ಕಿ, ಅನಂತರ ಎಳೆ. ಎಳೆ ಚುಕ್ಕಿಯನ್ನು ಸೇರಿಸುತ್ತದೆ ಇಲ್ಲವೆ ಬಳಸಿ ಹೋಗುತ್ತದೆ; ರಂಗೋಲಿ ಮುಗಿದಾಗ ಕಣ್ಣಿಗೆ ಕಾಣುವುದು ಹೂವು, ಬಳ್ಳಿ, ತೇರು, ಚುಕ್ಕಿಯಲ್ಲ. ಅಲ್ಲಿ ಚುಕ್ಕಿ ತಾನು ಮರೆಯಾಗಲೆಂದೇ ಇದೆ. ರಝಾ ಅವರ ಬಿಂದು ಎಲ್ಲಿಗೂ ಹೋಗುವುದಿಲ್ಲ, ಯಾವ ಎಳೆಗೂ ತನ್ನನ್ನು ಒಪ್ಪಿಸಿಕೊಳ್ಳುವುದಿಲ್ಲ. ಅದನ್ನು ‘ಭಾರತೀಯ ಪರಂಪರೆಯ ಮುಂದುವರಿಕೆ’ ಎಂದು ಕರೆಯುವವರು ಯಾವ ಪರಂಪರೆಯೆಂಬುದನ್ನು ಹೇಳಬೇಕಾಗುತ್ತದೆ. ಬಿಂದು ಎಂಬ ಹೆಸರು ಶಾಸ್ತ್ರದ್ದು; ಮನೆಯಂಗಳದ್ದಲ್ಲ.

ಬಣ್ಣಗಳ ವಿಷಯದಲ್ಲಿಯೂ ಇದೇ ಮಾತು. ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿಗಳನ್ನು ರಝಾ ಪಂಚಭೂತಗಳಿಗೆ ಹೊಂದಿಸಿದರು. ತುಳುನಾಡಿನ ನಾಗಮಂಡಲದಲ್ಲಿಯೂ ವೈದ್ಯರು ಬರೆಯುವ ಮಂಡಲಕ್ಕೆ ಐದೇ ಬಣ್ಣ. ಆದರೆ ಅಲ್ಲಿ ನೀಲಿಯ ಜಾಗದಲ್ಲಿ ಹಸಿರಿದೆ. ಅರಿಸಿನ ಹಳದಿಯನ್ನು, ಅರಿಸಿನಕ್ಕೆ ಬೆರೆತ ಸುಣ್ಣ ಕೆಂಪನ್ನು, ಒಣಗಿಸಿ ಪುಡಿಮಾಡಿದ ಎಲೆ ಹಸಿರನ್ನು, ಸುಟ್ಟ ಉಮಿ ಕಪ್ಪನ್ನು ಕೊಡುತ್ತವೆ. ತತ್ತ್ವಕ್ಕೆ ಮೊದಲು ಅಲ್ಲಿ ನೆಲದ ಒದಗಣೆಯಿದೆ. ರಾತ್ರಿಯಿಡೀ ಕುಣಿತದ ಕೇಂದ್ರವಾಗಿದ್ದ ಮಂಡಲವನ್ನು ಕೊನೆಗೆ ಅಳಿಸಿಬಿಡಲಾಗುತ್ತದೆ. 1990ರ ನಂತರದ ರಝಾ ಕೃತಿಗಳಲ್ಲಿ ತ್ರಿಕೋನ, ವೃತ್ತ, ಚೌಕಗಳು ಸಮತೂಕದಿಂದ ಮರಳಿ ಮರಳಿ ಬರುವುದನ್ನು ಕೆಲವರು ದೋಷವೆಂದರು. ರಝಾ ಅದನ್ನು ಜಪಕ್ಕೆ ಹೋಲಿಸಿದರು. ಪುನರಾವರ್ತನೆ ತಾನಾಗಿ ದೋಷವಲ್ಲ, ಆಚರಣೆಯ ಕಲೆ ನಿಂತಿರುವುದೇ ಅದರ ಮೇಲೆ. ಆದರೆ ಆಚರಣೆಯಲ್ಲಿ ಪ್ರತಿ ಸಲವೂ ಅಳಿಸುವಿಕೆ ಇರುವುದರಿಂದ ಮತ್ತೆ ಬರೆಯುವುದು ಅಗತ್ಯವಾಗುತ್ತದೆ. ಕ್ಯಾನ್ವಾಸು ಅಳಿಯುವುದಿಲ್ಲ. ‘ಸೌರಾಷ್ಟ್ರ’ 2010ರಲ್ಲಿ 16 ಕೋಟಿ ರೂಪಾಯಿಗೂ ಮಿಕ್ಕಿ ಹರಾಜಾಯಿತು. ಕೊನೆಯ ಹಂತದ ಹಲವು ಕೃತಿಗಳಲ್ಲಿ ಶೀರ್ಷಿಕೆಯ ಸಂಸ್ಕೃತ ಪದವೇ ಧ್ಯಾನದ ಹೊರೆಯನ್ನು ಹೊತ್ತಂತೆ ಕಾಣುತ್ತದೆ. ಬಣ್ಣ ಅಷ್ಟು ದುಡಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕಲಾವಿಮರ್ಶೆ ಹೆಚ್ಚಾಗಿ ಬದಿಗಿರಿಸಿದೆ. ರಝಾ ಅರಣ್ಯಾಧಿಕಾರಿಯ ಮಗ. ಮಂಡ್ಲಾ ಕಾಡಿನ ರಾತ್ರಿಯ ಭಯ, ಗೊಂಡರ ಕುಣಿತ, ಬೆಳಗಿನ ಬೆಳಕು ತಮ್ಮ ಬಣ್ಣಗಳ ಮೂಲವೆಂದು ಅವರು ಹೇಳಿಕೊಂಡಿದ್ದಾರೆ. ಅದೇ ಜಿಲ್ಲೆಗೆ ಸೇರಿದ್ದ, 1998ರಿಂದ ದಿಂಡೋರಿ ಜಿಲ್ಲೆಯಲ್ಲಿರುವ ಪಾಟನ್‌ಗಢದಲ್ಲಿ ಹುಟ್ಟಿದವರು ಜನಗಢ ಸಿಂಗ್ ಶ್ಯಾಮ್. ಬಾನಾ ವಾದ್ಯ ನುಡಿಸಿ ಬಡಾದೇವನನ್ನು ಹಾಡುವ ಪರಧಾನ ಗೊಂಡರ ಕುಲದವರು. 1980ರ ದಶಕದ ಆರಂಭದಲ್ಲಿ ಜೆ. ಸ್ವಾಮಿನಾಥನ್ ಅವರ ಮುತುವರ್ಜಿಯಿಂದ ಭೋಪಾಲದ ಭಾರತ ಭವನಕ್ಕೆ ಬಂದ ಅವರು ಕಾಗದದ ಮೇಲೆ ದೇವರುಗಳನ್ನೂ ಪ್ರಾಣಿಗಳನ್ನೂ ಬರೆದು, ಮೈತುಂಬ ಸಾವಿರಾರು ಚುಕ್ಕೆಗಳನ್ನು ಇಟ್ಟರು. ಒಂದೇ ಕಾಡಿನಿಂದ, ಹೆಚ್ಚುಕಡಿಮೆ ಒಂದೇ ದಶಕದಲ್ಲಿ, ಎರಡು ಬಗೆಯ ಚುಕ್ಕೆಗಳು ಹೊರಬಂದವು. ಒಂದನ್ನು ವಿಮರ್ಶೆ ‘ಅಮೂರ್ತ’ ಎಂದೂ ‘ಧ್ಯಾನ’ ಎಂದೂ ಕರೆಯಿತು. ಇನ್ನೊಂದಕ್ಕೆ ‘ಬುಡಕಟ್ಟು ಕಲೆ’ ಎಂಬ ಹೆಸರು ಬಿದ್ದಿತು. ಬಡಾದೇವನ ಮೈಮೇಲಿನ ಚುಕ್ಕೆಗಳ ಹಿಂದೆ ಧ್ಯಾನವಿರಲಿಲ್ಲವೆಂದು ಯಾರು ನಿರ್ಧರಿಸಿದರು? ಹಾಡನ್ನು ಕುಲವೃತ್ತಿಯಾಗಿ ಪಡೆದವನಿಗೆ ಏಕಾಗ್ರತೆಯನ್ನು ಕಲಿಸಲು ಗೋಡೆಯ ಚುಕ್ಕೆ ಬೇಕಿರಲಿಲ್ಲ.

ಇದು ರಝಾ ಅವರ ಮೇಲಿನ ಆಕ್ಷೇಪವಲ್ಲ. ಕಾಡಿನ ಋಣವನ್ನು ಅವರು ಮುಚ್ಚಿಟ್ಟವರಲ್ಲ. ಋಣವನ್ನು ಗೊಂಡರ ಲೆಕ್ಕದಿಂದ ತೆಗೆದು ತಂತ್ರ ಮತ್ತು ಉಪನಿಷತ್ತುಗಳ ಲೆಕ್ಕಕ್ಕೆ ಬರೆದುಕೊಂಡವರಲ್ಲಿ ಅವರ ವ್ಯಾಖ್ಯಾನಕಾರರೇ ಹೆಚ್ಚು. 1989ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ‘ಭೂಮಿಯ ಮಾಂತ್ರಿಕರು’ ಎಂಬ ಅರ್ಥದ ಹೆಸರಿನ ಪ್ರದರ್ಶನದಲ್ಲಿ ಜನಗಢರ ಕೃತಿಗಳಿದ್ದವು. ರಝಾ ಆಗ ಫ್ರಾನ್ಸಿನ ನಿವಾಸಿ. ಜನಗಢರು 2001ರಲ್ಲಿ ಜಪಾನಿನಲ್ಲಿ ತೀರಿಕೊಂಡರು. ಆರು ದಶಕಗಳ ಬಳಿಕ ಭಾರತಕ್ಕೆ ಮರಳಿದ ರಝಾ 2016ರ ಜುಲೈ 23ರಂದು ದೆಹಲಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಮಂಡ್ಲಾದಲ್ಲಿ, ತಂದೆಯ ಗೋರಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. 2023ರಲ್ಲಿ ಪ್ಯಾರಿಸ್ಸಿನ ಪೊಂಪಿದು ಕೇಂದ್ರ ಅವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. ಮಂಡ್ಲಾದ ಈ ಇಬ್ಬರ ಚುಕ್ಕೆಗಳನ್ನು ಒಂದೇ ಗೋಡೆಯ ಮೇಲೆ, ಒಂದೇ ಪರಿಭಾಷೆಯಲ್ಲಿ ಓದುವ ಕೆಲಸ ಜಾನಪದ ವಿದ್ವಾಂಸರಿಗೂ ಕಲಾವಿಮರ್ಶಕರಿಗೂ ಸಮಾನವಾಗಿ ಸೇರಿದ್ದು.