‘ಮಾನವೀಕೃತ’ವೆಂಬ ಪದವೂ ಪ್ರತಿಕಾಯಗಳ ನಾಮಧೇಯವೂ

ಹೆಸರು ವಸ್ತುವಿನ ಸ್ವಭಾವವನ್ನು ಎಷ್ಟರಮಟ್ಟಿಗೆ ತಿಳಿಸಬಲ್ಲದೆಂಬ ಪ್ರಶ್ನೆಯು ಕಾವ್ಯಮೀಮಾಂಸೆಗೆ ಮಾತ್ರ ಸೇರಿದುದಲ್ಲ. ಔಷಧಗಳ ಪರಿಭಾಷೆಯಲ್ಲಿಯೂ ಅದು ಏಳುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕಾಗಿ ಹೊರತಂದ ‘ಇಟೊಲಿಜುಮಾಬ್’ ಎಂಬ ಹೆಸರನ್ನೇ ಪರೀಕ್ಷಿಸೋಣ.

ವಿಶ್ವ ಆರೋಗ್ಯ ಸಂಸ್ಥೆಯ ಹಿಂದಿನ ನಿಯಮದಂತೆ ಇದರ ‘ಮಾಬ್’ ಎಂಬುದು ಒಂದೇ ಕಣಸಂತತಿಯಿಂದ ಹುಟ್ಟಿದ ಪ್ರತಿಕಾಯವನ್ನು ಸೂಚಿಸುತ್ತದೆ. ಅದರ ಹಿಂದಣ ಅಕ್ಷರವು ಮೂಲಜಾತಿಯನ್ನು ತಿಳಿಸತಕ್ಕ ಪ್ರತ್ಯಯ: ‘ಒ’ ಚಿಟ್ಟಿಲಿಗೆ, ‘ಅ’ ದೊಡ್ಡಿಲಿಗೆ, ‘ಕ್ಸಿ’ ಸಂಕರಕ್ಕೆ, ‘ಜು’ ಮಾನವೀಕೃತಕ್ಕೆ, ‘ಉ’ ಮಾನವನಿಗೆ. ನಮ್ಮ ‘ಇಲಿ’ ಎಂಬ ಒಂದೇ ಮಾತು ಎರಡು ಜಾತಿಗಳನ್ನು ಮುಚ್ಚುತ್ತಿರುವಲ್ಲಿ ಈ ವಿಂಗಡಣೆಯ ಸೂಕ್ಷ್ಮತೆಯನ್ನು ವ್ಯಾಕರಣಜ್ಞರು ಮೆಚ್ಚದಿರಲಾರರು.

ಆದರೆ ಪ್ರತ್ಯಯವು ಹುಟ್ಟನ್ನು ಹೇಳುತ್ತದೆಯೇ ಹೊರತು ನಡತೆಯನ್ನು ಹೇಳದು. ಇಟೊಲಿಜುಮಾಬ್ ಮಾನವನ ಟಿ ಜೀವಕೋಶಗಳ ಮೇಲಣ ಸಿಡಿ6 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಚಿಟ್ಟಿಲಿಯ ಸಿಡಿ6ನ್ನು ಹಿಡಿಯದು. ಆದುದರಿಂದ ಪ್ರಯೋಗಶಾಲೆಯಲ್ಲಿ ಇಲಿಗೆ ಒಪ್ಪುವ ಬೇರೊಂದು ಪ್ರತಿಕಾಯವನ್ನು ಬಳಸಬೇಕು. ಇಲ್ಲವೆ ಮಾನವನ ಜೀನನ್ನು ಹೊತ್ತ ಇಲಿಯನ್ನು ಸಿದ್ಧಪಡಿಸಬೇಕು. ಮೊದಲನೆಯದರಲ್ಲಿ ಔಷಧವೇ ಬೇರೆ. ಎರಡನೆಯದರಲ್ಲಿ ಪ್ರಾಣಿಯೇ ಬೇರೆ.

ಹಿಡಿತವು ಒಂದಾದ ಮಾತ್ರಕ್ಕೆ ಫಲವೂ ಒಂದಾಗದು. ಟಿಜಿಎನ್1412 ಎಂಬ ಮಾನವೀಕೃತ ಪ್ರತಿಕಾಯವನ್ನು ಮಂಗಗಳು ಕಿಲೋಗ್ರಾಂ ತೂಕಕ್ಕೆ 50 ಮಿಲಿಗ್ರಾಂವರೆಗೆ ತಾಳಿದ್ದುವು. 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ಅದರ 500ರಲ್ಲೊಂದು ಪಾಲನ್ನು ಪಡೆದ 6 ಮಂದಿ ಸ್ವಯಂಸೇವಕರು ಪ್ರಾಣಾಪಾಯಕ್ಕೆ ಗುರಿಯಾಗಿ, ಕಷ್ಟದಿಂದ ಉಳಿದುಕೊಂಡರು. ಪ್ರತಿಕಾಯವು ಹಿಡಿಯುವ ಸಿಡಿ28ರ ಹೊರಭಾಗವು ಎರಡು ಜಾತಿಗಳಲ್ಲಿಯೂ ಒಂದೇ. ಆದರೆ ಮಾನವನಲ್ಲಿ ಅದನ್ನು ಧರಿಸಿರುವ ಒಂದು ಬಗೆಯ ಸ್ಮೃತಿ ಟಿ ಜೀವಕೋಶಗಳು ಆ ಮಂಗಗಳಲ್ಲಿ ಅದನ್ನು ಧರಿಸಿರುವುದಿಲ್ಲವೆಂದು ಅನಂತರ ಗೊತ್ತಾಯಿತು.

ಸಂಸ್ಥೆಯು 2017ರಲ್ಲಿ ಜಾತಿಸೂಚಕ ಪ್ರತ್ಯಯವನ್ನೂ 2021ರಲ್ಲಿ ‘ಮಾಬ್’ ಎಂಬುದನ್ನೂ ಹೊಸ ಹೆಸರುಗಳಿಂದ ಕೈಬಿಟ್ಟಿತು. ಕನ್ನಡದಲ್ಲಾದರೋ ‘ಮಾನವೀಕೃತ’ವು ಉಳಿದಿದೆ. ‘ಮಾನವೀಯ’ದ ಧ್ವನಿಯು ಅದಕ್ಕೆ ಅಂಟಿ, ಸಲ್ಲದ ಅಭಯವನ್ನು ನೀಡುತ್ತದೆ. ಶರೀರವು ಪರಕೀಯವೆಂದು ತಳ್ಳದಿರಲೆಂದು ರಚನೆಯನ್ನು ತಿದ್ದಿರುವುದಷ್ಟೇ ಇಲ್ಲಿಯ ಅರ್ಥ. ‘ಮಾನವಸದೃಶ’ವೆಂದರೆ ಅದು ಸಾಗುತ್ತದೆ. ‘ಪ್ರಾಣಿಗಳಲ್ಲಿ ಫಲಿಸಿತು’ ಎಂದು ಬರೆಯುವವರು ಯಾವ ಪ್ರಾಣಿ, ಯಾವ ಪ್ರತಿಕಾಯ ಎಂಬುದನ್ನೂ ಬರೆಯತಕ್ಕದ್ದು. ಅವಿಲ್ಲದ ವಾಕ್ಯವು ವ್ಯಾಕರಣಶುದ್ಧವಾದರೂ ಅರ್ಥಶುದ್ಧವಲ್ಲ.